ಕೊನೆ ಗೊತ್ತಿಲ್ಲದ ಪ್ರಸಂಗ

ಗುಹಾಸುರನಿಗೆ ಸಿಕ್ಕ ವರ ಬಲು ಬಿಗಿಯಾದದ್ದು. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ. ಬ್ರಹ್ಮ ಕೊಟ್ಟ ಮಾತಾದ್ದರಿಂದ ಮುರಿಯುವಂತೆಯೂ ಇಲ್ಲ. ಆಗ ದೇವತೆಗಳು ಇನ್ನಷ್ಟು ದೊಡ್ಡ ಆಯುಧ ಹುಡುಕಲು ಹೋಗಲಿಲ್ಲ, ಆ ಮಾತಿನಲ್ಲೇ ಒಂದು ಸಂದು ಹುಡುಕಿದರು. ಇಬ್ಬರೂ ಸೇರಿ ಒಂದೇ ಮೈಯಾಗಿ ಬಂದರೆ ಅದು ಬರೀ ಹರಿಯೂ ಅಲ್ಲ, ಬರೀ ಹರನೂ ಅಲ್ಲ. ಅಸುರ ಸತ್ತ, ವರದ ಮಾತೂ ಉಳಿಯಿತು. ದಾವಣಗೆರೆಯ ನಮ್ಮ ಎಸ್.ಎಸ್. ಬಡಾವಣೆಯಿಂದ ಬೈಕಿನಲ್ಲಿ ಅರ್ಧ ಗಂಟೆಯ ಹಾದಿಯಾದ ಹರಿಹರದಲ್ಲಿ, 1223-24ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ ಗುಡಿಯೊಳಗೆ ಆ ಜಾಣ ಉತ್ತರ ಕಲ್ಲಿನ ಮೂರ್ತಿಯಾಗಿ ನಿಂತಿದೆ.

ಭಕ್ತಿಯಿಂದ ಕೇಳುವವರು ಹಾಗೆಯೇ ಕೇಳಲಿ. ನನಗೆ ಈ ಕಥೆಯಲ್ಲಿ ಒಂದು ಆಟದ ಮರ್ಮವೂ ಕಾಣುತ್ತದೆ. ಹಿರಣ್ಯಕಶಿಪು ಹಗಲೂ ಬೇಡ ರಾತ್ರಿಯೂ ಬೇಡ, ಒಳಗೂ ಬೇಡ ಹೊರಗೂ ಬೇಡ ಎಂದು ಪಟ್ಟಿಯನ್ನೇ ಕೊಟ್ಟ. ಮುಸ್ಸಂಜೆಯೂ ಹೊಸ್ತಿಲೂ ಪಟ್ಟಿಗೆ ಸಿಗದೆ ಉಳಿದವು. ನಿಯಮ ಎಷ್ಟೇ ಉದ್ದವಿರಲಿ, ಲೋಕ ಅದಕ್ಕಿಂತ ದೊಡ್ಡದು. ಈ ತಿಳಿವಳಿಕೆಯ ಮೇಲೆ ನಿಂತ ಆಟವೊಂದು ಐವತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಹುಟ್ಟಿತು. ಅದರ ಹಳೆಯ ಬಗೆಯನ್ನು ನಮ್ಮೂರಿನ ಹುಡುಗ ಹುಡುಗಿಯರು ಕನ್ನಡದಲ್ಲಿ ಆಡಬೇಕು ಎಂಬುದು ಈ ವಾರದ ನನ್ನ ಮಾತು.

ಆ ಆಟದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರನ್ನು 'ಸ್ಟ್ರೇಂಜರ್ ಥಿಂಗ್ಸ್' ಸರಣಿ ನೋಡಿದ ಮಕ್ಕಳು ಕೇಳಿರುತ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮಾರಿದರು. ಮೊದಲ ಮುದ್ರಣ ಸಾವಿರ ಪ್ರತಿ. ಆಟ ಕೇಳಲು ಸರಳ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಸೂತ್ರಧಾರ. ಪಾಳು ಕೋಟೆ, ಗವಿ, ಕಾಡು ಹೀಗೊಂದು ಜಾಗದ ನಕ್ಷೆ ಅವರ ಕೈಯಲ್ಲಿ ಮಾತ್ರ ಇರುತ್ತದೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ: ಯೋಧ, ಮಂತ್ರವಾದಿ, ಕಳ್ಳ, ಪೂಜಾರಿ. ಸೂತ್ರಧಾರ ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ, ಆಟಗಾರರು ತಾವು ಮಾಡುವುದನ್ನು ಹೇಳುತ್ತಾರೆ. ಆದೀತೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಉರುಳುತ್ತದೆ. ಗೆದ್ದವರು ಸೋತವರು ಎಂದು ಕೊನೆಯಲ್ಲಿ ಲೆಕ್ಕವಿಲ್ಲ. ಪಾತ್ರ ಬದುಕಿದ್ದರೆ ಮುಂದಿನ ವಾರವೂ ಅದೇ ಪಾತ್ರ.

ಇದರ ಮೂಲ ಮಕ್ಕಳ ಆಟದಲ್ಲಿಲ್ಲ, ಸೇನೆಯಲ್ಲಿದೆ. ಪ್ರಷ್ಯಾದ ರೈಸ್‌ವಿಟ್ಜ್ ಎಂಬ ಅಧಿಕಾರಿ 1824ರಲ್ಲಿ ನಕ್ಷೆಯ ಮೇಲೆ ಯುದ್ಧ ಕಲಿಸುವ ಆಟವೊಂದಕ್ಕೆ ನಿಯಮ ಬರೆದ. ಕೋಷ್ಟಕ ಮತ್ತು ಲೆಕ್ಕ ಬೆಳೆದು ಬೆಳೆದು ಆಟ ತೆವಳತೊಡಗಿತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬ ಅಧಿಕಾರಿ ಅವನ್ನು ಪಕ್ಕಕ್ಕಿಟ್ಟು, ಅನುಭವವುಳ್ಳ ಮಧ್ಯಸ್ಥನೊಬ್ಬ ತನ್ನ ವಿವೇಚನೆಯಿಂದ ತೀರ್ಪು ಕೊಟ್ಟರೆ ಸಾಕು ಎಂದ. ಡೇವಿಡ್ ವೆಸ್ಲಿ ಎಂಬ ಅಮೆರಿಕನ್ ತರುಣ ಹಳೆಯ ಯುದ್ಧದಾಟದ ಪುಸ್ತಕಗಳಿಂದ ಈ ಮಧ್ಯಸ್ಥನನ್ನು ಎತ್ತಿಕೊಂಡು 1969ರಲ್ಲಿ ಹೊಸ ಆಟ ಕಟ್ಟಿದ. ಅಲ್ಲಿ ಒಬ್ಬೊಬ್ಬ ಆಟಗಾರನಿಗೂ ಸೈನ್ಯದ ಬದಲು ಒಬ್ಬ ವ್ಯಕ್ತಿಯ ಪಾತ್ರ. ಅವನ ಜೊತೆ ಆಡಿದ ಆರ್ನೆಸನ್ ಅದನ್ನು ಕೋಟೆಯ ನೆಲಮಾಳಿಗೆಗೆ ಇಳಿಸಿದ. ಮುಂದಿನದು 1974ರ ಪೆಟ್ಟಿಗೆ.

ಹಳೆಯ ಬಗೆ ಎಂದರೆ ಏನು? 1981ರ ಆರಂಭಿಕರ ಪುಸ್ತಕ ತೆರೆದರೆ ತಿಳಿಯುತ್ತದೆ. ಹೊಸ ಮಂತ್ರವಾದಿಗೆ ನಾಲ್ಕು ಮುಖದ ದಾಳ ಉರುಳಿಸಿ ಬಂದಷ್ಟೇ ಜೀವ, ದಿನಕ್ಕೆ ಒಂದೇ ಮಂತ್ರ. ಕೈಯಲ್ಲಿನ ಪಂಜು ಒಂದು ಗಂಟೆ ಉರಿಯುತ್ತದೆ, ಆಮೇಲೆ ಕತ್ತಲು. ಒಳಗೆ ತಡ ಮಾಡಿದಷ್ಟೂ ಅಲೆದಾಡುವ ಪ್ರಾಣಿಗಳು ಎದುರಾಗುವ ಸಂಭವ ಹೆಚ್ಚು. ರಾಕ್ಷಸರನ್ನು ಕೊಂದರೆ ಸಿಗುವ ಅನುಭವದ ಅಂಕ ಕಡಿಮೆ, ಹೊರಗೆ ತಂದ ಪ್ರತಿ ಚಿನ್ನದ ನಾಣ್ಯಕ್ಕೂ ಒಂದೊಂದು ಅಂಕ. ಹಾಗಾಗಿ ಕಾದಾಡುವವನು ದಡ್ಡ, ಕಾದಾಡದೆ ತರುವವನು ಜಾಣ. ಎದುರಾದವರೆಲ್ಲ ಮೇಲೆ ಬೀಳಲೇಬೇಕೆಂದೂ ಇಲ್ಲ. ಎರಡು ದಾಳ ಉರುಳಿಸಿ ಅವರ ಮನಸ್ಸು ನೋಡಬೇಕು. ಎರಡು ಬಿದ್ದರೆ ನೇರ ದಾಳಿ, ಹನ್ನೆರಡು ಬಿದ್ದರೆ ಗೆಳೆತನ, ನಡುವಿನದೆಲ್ಲ ಮಾತಿಗೆ ಬಿಟ್ಟದ್ದು.

ಇನ್ನೂ ಮುಖ್ಯವಾದದ್ದು ಹುಡುಕಾಟ. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಹುಡುಕುವುದೂ ಪಾತ್ರದ ಹಾಳೆಯ ಮೇಲಿನ ಒಂದು ಕೌಶಲ. ಇಪ್ಪತ್ತು ಮುಖದ ದಾಳ ಎಸೆದರೆ ಬಲೆ ಸಿಕ್ಕಿತೋ ಇಲ್ಲವೋ ಗೊತ್ತಾಗುತ್ತದೆ. ಹಳೆಯ ಬಗೆಯಲ್ಲಿ ಹೇಗೆ ಹುಡುಕುತ್ತೀರಿ ಎಂದು ಬಾಯಿಬಿಟ್ಟು ಹೇಳಬೇಕು. ನಮ್ಮ ಬಡಾವಣೆಯ ಯಾವುದಾದರೂ ಮನೆಯಲ್ಲಿ, ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಆಡಿದರೆ ಅದು ಹೀಗೆ ಕೇಳಿಸಬಹುದು:

"ಅಕ್ಕ, ಬಾಗ್ಲು ಮುಂದೆ ನೆಲ ಹೆಂಗೈತೆ?"

"ಕಲ್ಲು ಹಾಸೈತೆ. ಮ್ಯಾಲೆ ದಪ್ಪ ಧೂಳು."

"ತಂಬಿಗೇಲಿರೋ ನೀರು ಸುರೀತೀನಿ."

"ಸುರಿ. ನೀರು ಮುಂದಕ್ಕೆ ಹರೀತು… ಒಂದ್ಕಡೆ ಅಡ್ಡಡ್ಡ ಗೆರೆ ಎಳ್ದಂಗೆ ಒಳಗಿಳೀತು ನೋಡು."

"ಲೇ, ಅಲ್ಲಿ ಯಾರೂ ಕಾಲಿಡಬ್ಯಾಡ್ರಲೇ, ಕೆಳಗೆ ಗುಂಡಿ ಐತೆ!"

ಇಲ್ಲಿ ದಾಳ ಉರುಳಲಿಲ್ಲ. ನೀರು ಎಲ್ಲಿ ಇಂಗುತ್ತದೆ ಎಂದು ಆ ಹುಡುಗನಿಗೆ ಗೊತ್ತಿತ್ತು, ಅದೇ ಅವನ ಬಲ. ತಂಬಿಗೆ ನೀರಿನ ಬಗ್ಗೆ ಯಾವ ಪುಸ್ತಕದಲ್ಲೂ ನಿಯಮವಿರಬೇಕಾಗಿಲ್ಲ. ಅಕ್ಕ ಒಂದು ಕ್ಷಣ ಯೋಚಿಸಿ ತೀರ್ಪು ಕೊಟ್ಟಳು, ಉಳಿದವರು ಒಪ್ಪಿದರು. 1997ರವರೆಗೆ ನಮ್ಮ ಜಿಲ್ಲಾ ಕೇಂದ್ರವೇ ಆಗಿದ್ದ ಚಿತ್ರದುರ್ಗದ ಓಬವ್ವನನ್ನು ನೆನೆಯಿರಿ. ಅವಳ ಹೆಸರಿನಲ್ಲಿ ಯಾವ ಆಯುಧದ ಪರಿಣತಿಯೂ ಬರೆದಿರಲಿಲ್ಲ. ಕೈಗೆ ಸಿಕ್ಕದ್ದು ಒನಕೆ, ಕಣ್ಣಿಗೆ ಕಂಡದ್ದು ಒಬ್ಬೊಬ್ಬರೇ ನುಸುಳಬೇಕಾದ ಕಿಂಡಿ. ಎರಡನ್ನೂ ಕೂಡಿಸಿದಳು. ಈ ಆಟ ಬೇಡುವುದು ಅಂಥ ಬುದ್ಧಿಯನ್ನು.

ಇದೆಲ್ಲ ಹೊರಗಿನಿಂದ ಬಂದದ್ದು, ನಮ್ಮಲ್ಲಿ ಇಂಥದ್ದೇನೂ ಇರಲಿಲ್ಲ ಎನ್ನುವವರು ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆ ಒಮ್ಮೆ ಕೇಳಬೇಕು. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರಾಗಿ ಕೂರುತ್ತಾರೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಆ ಪದ್ಯದ ಆಧಾರದ ಮೇಲೆ ಪಾತ್ರಧಾರಿ ಅಲ್ಲೇ ಮಾತು ಕಟ್ಟಬೇಕು. ಎದುರಿನವರ ಪ್ರಶ್ನೆ ಮೊದಲೇ ಗೊತ್ತಿರುವುದಿಲ್ಲ, ಬಾಯಿಪಾಠ ಒಪ್ಪಿಸುವಂತಿಲ್ಲ. ವಾದ ದಾರಿ ತಪ್ಪಿದರೆ ಭಾಗವತರು ಮುಂದಿನ ಪದ್ಯ ಎತ್ತಿ ಕಥೆಯನ್ನು ಹಳಿಗೆ ತರುತ್ತಾರೆ. ಮೇಜಿನ ತುದಿಯಲ್ಲಿ ಕೂತ ಸೂತ್ರಧಾರನ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಕೆಲಸ ನಾನರಿಯೆ. ನಮ್ಮ ಬಯಲುಸೀಮೆಯಲ್ಲೂ ಇದರ ಎಳೆ ಇದೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯಂಥ ವೃತ್ತಿ ನಾಟಕಗಳನ್ನು ಕಂಡ ಊರು ದಾವಣಗೆರೆ. ಹಾಸ್ಯಪಾತ್ರಧಾರಿ ಬರೆದ ಮಾತು ಬಿಟ್ಟು ಎದುರಿನವರನ್ನು ಸಿಕ್ಕಿಸಿದಾಗ ಜನ ಹೇಗೆ ಸಿಳ್ಳೆ ಹಾಕುತ್ತಾರೆ ಎಂದು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. 'ವಾಲಿ ಮೋಕ್ಷ'ದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತಾಗ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂಬ ಪ್ರಶ್ನೆಗೆ ರಾಮನ ಪಾತ್ರಧಾರಿ ತಡವರಿಸಬಹುದು. ವಾದದಲ್ಲಿ ವಾಲಿ ಗೆಲ್ಲಬಹುದು. ಆದರೂ ವಾಲಿ ಸಾಯಲೇಬೇಕು. ಕರ್ಣ ಎಷ್ಟೇ ಮಾತಾಡಿದರೂ ರಥದ ಗಾಲಿ ಹೂತೇ ಹೋಗುತ್ತದೆ. ನಮ್ಮಲ್ಲಿ ಮಾತು ಸ್ವತಂತ್ರ, ಕಥೆ ಸ್ವತಂತ್ರವಲ್ಲ. ಇತ್ತ ಪಗಡೆಯಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ, ಆದರೆ ಕಾಯಿ ಮಾತಾಡುವುದಿಲ್ಲ. ಅರ್ಥಗಾರಿಕೆಯ ಮಾತನ್ನೂ ಪಗಡೆಯ ಅನಿಶ್ಚಯವನ್ನೂ ಒಂದೇ ಚಾಪೆಯ ಮೇಲೆ ನಾವು ಕೂರಿಸಲಿಲ್ಲ. ಹಳೆಯ ಬಗೆಯ ಈ ಆಟ ಕೂರಿಸಿತು. ಇಲ್ಲಿ ವಾಲಿ ರಾಮನಿಗೆ ಸರಿಯಾದ ಪ್ರಶ್ನೆ ಕೇಳಿದರೆ ಬದುಕಿಯೂ ಬದುಕಬಹುದು. ಆಮೇಲೆ ಕಿಷ್ಕಿಂಧೆಯ ಗತಿ ಏನು ಎಂಬುದು ಮುಂದಿನ ಭಾನುವಾರ ಗೊತ್ತಾಗುತ್ತದೆ.

ವಿಚಿತ್ರವೆಂದರೆ, ಆಟ ಹುಟ್ಟಿದ ಊರಿನವರೇ ಮುಂದೆ ಕೊನೆ ನಿಗದಿಯಾದ ಕಥೆಗಳ ಕಡೆ ಹೊರಳಿದರು. 1984ರಲ್ಲಿ ಟ್ರೇಸಿ ಹಿಕ್‌ಮನ್ ಮತ್ತು ಮಾರ್ಗರೆಟ್ ವೈಸ್ ಅವರ 'ಡ್ರ್ಯಾಗನ್‌ಲ್ಯಾನ್ಸ್' ಬಂತು. ಕಾದಂಬರಿಗಳ ಜೊತೆಜೊತೆಗೆ ಆಟದ ಪುಸ್ತಕಗಳೂ ಬಂದವು. ಕಥೆಗೆ ಬೇಕಾದ ಪಾತ್ರ ನಡುವೆ ಸಾಯಬಾರದು, ಊರಿಂದ ಊರಿಗೆ ಬರೆದ ಹಾದಿಯಲ್ಲೇ ನಡೆಯಬೇಕು. ಓದಲು ಚೆಂದ. ಆಡಲು ಕೂತವರಿಗೆ ಮಾತ್ರ ತಾಳಮದ್ದಳೆಯ ಕಟ್ಟು ಸಿಕ್ಕಿತು, ಶೇಣಿಯವರ ಪಾಂಡಿತ್ಯ ಸಿಗಲಿಲ್ಲ. ಇದಕ್ಕೆ ಬೇಸತ್ತವರು ಎರಡು ದಶಕದ ನಂತರ ಹಳೆಯ ನಿಯಮಗಳತ್ತ ಮರಳಿದರು. 2006ರಲ್ಲಿ 'ಆಸ್ರಿಕ್' ಎಂಬ ಹೆಸರಿನಲ್ಲಿ ಹಳೆಯ ನಿಯಮಗಳ ಮರುರಚನೆ ಉಚಿತವಾಗಿ ಹೊರಬಂತು. 2008ರಲ್ಲಿ ಮ್ಯಾಟ್ ಫಿಂಚ್ ಬರೆದ ಕಿರುಹೊತ್ತಿಗೆ ಹಳೆಯ ಆಟದ ತಿರುಳನ್ನು ತಿಳಿಯಾಗಿ ವಿವರಿಸಿತು: ನಿಯಮಕ್ಕಿಂತ ತೀರ್ಪು ಮೇಲು, ಪಾತ್ರದ ಅಂಕಿಗಿಂತ ಆಟಗಾರನ ಜಾಣ್ಮೆ ಮೇಲು.

ತೀರ್ಪಿನ ಮೇಲೆ ನಿಂತ ಆಟಕ್ಕೆ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಸೂತ್ರಧಾರ ಪಕ್ಷಪಾತಿಯಾದರೆ ಆಟ ಅಲ್ಲಿಗೆ ಮುಗಿಯಿತು. ತಮ್ಮನಿಗೊಂದು ನ್ಯಾಯ, ತಮ್ಮನ ಗೆಳೆಯನಿಗೊಂದು ನ್ಯಾಯ ಎಂದಾದರೆ ಯಾರೂ ಮತ್ತೆ ಕೂರುವುದಿಲ್ಲ. ಅದಕ್ಕೇ ಗೈಗ್ಯಾಕ್ಸ್ ಸ್ವತಃ 1977ರಿಂದ 79ರವರೆಗೆ ಮೂರು ದಪ್ಪ ಪುಸ್ತಕಗಳನ್ನು ತಂದರು. ದೇಶದ ಎಲ್ಲ ಮೇಜುಗಳಲ್ಲೂ ಆಟ ಒಂದೇ ರೀತಿ ನಡೆಯಲಿ ಎಂಬ ಆಸೆ. ಅಪರಿಚಿತರ ಪಂದ್ಯಕ್ಕೆ ದಪ್ಪ ಪುಸ್ತಕ ಬೇಕು, ಒಪ್ಪುತ್ತೇನೆ. ಒಬ್ಬರನ್ನೊಬ್ಬರು ಬಲ್ಲ ಐದು ಜನಕ್ಕೆ ಬೇಕಾದ್ದು ಬೇರೆ. ಸೂತ್ರಧಾರರಾದವರು ಕಥೆ ಬರೆದಿಟ್ಟುಕೊಳ್ಳಬಾರದು, ಜಾಗವನ್ನು ಬರೆದಿಟ್ಟುಕೊಳ್ಳಬೇಕು. ಯಾವ ಕೋಣೆಯಲ್ಲಿ ಏನಿದೆ, ಯಾರಿಗೆ ಏನು ಬೇಕು, ಇಷ್ಟು ಸಾಕು. ದಾಳವನ್ನು ಎಲ್ಲರ ಕಣ್ಣೆದುರು ಉರುಳಿಸಬೇಕು. ಬಿದ್ದದ್ದು ತನಗೆ ಇಷ್ಟವಾಗದಿದ್ದರೂ ಒಪ್ಪಬೇಕು. ನಾಲ್ಕು ವಾರ ಸಾಕಿದ ಪಾತ್ರ ಸತ್ತರೆ ಹುಡುಗನ ಕಣ್ಣಲ್ಲಿ ನೀರು ಬರಬಹುದು. ಐದು ನಿಮಿಷದಲ್ಲಿ ಹೊಸ ಪಾತ್ರ ಬರೆದುಕೊಂಡು ಅವನು ಮತ್ತೆ ಕೂರುತ್ತಾನೆ.

ದಾಳ ಎಂದೊಡನೆ ನಮ್ಮ ಹಿರಿಯರಿಗೆ ಶಕುನಿ ನೆನಪಾಗುತ್ತಾನೆ. ಆ ಭಯಕ್ಕೆ ಕಾರಣವಿದೆ: ಧರ್ಮರಾಯ ರಾಜ್ಯ, ತಮ್ಮಂದಿರು, ದ್ರೌಪದಿ ಎಲ್ಲವನ್ನೂ ಒಡ್ಡಿದ. ಈ ಆಟದಲ್ಲಿ ಒಡ್ಡಲು ಏನೂ ಇಲ್ಲ. ಕಳೆದುಕೊಳ್ಳುವುದು ಕಾಗದದ ಮೇಲಿನ ಒಂದು ಹೆಸರನ್ನು ಮಾತ್ರ. ಅಮೆರಿಕದ ಪೋಷಕರೂ 1980ರ ದಶಕದಲ್ಲಿ ಇದು ಮಕ್ಕಳಿಗೆ ಮಾಟ ಮಂತ್ರ ಕಲಿಸುತ್ತದೆ ಎಂದು ಗುಲ್ಲೆಬ್ಬಿಸಿದ್ದರು. ಕಾಲ ಕಳೆದಂತೆ ಆ ಗುಲ್ಲು ಅಡಗಿತು, ಆಟ ಉಳಿಯಿತು.

ಆಡಲು ಹೊರಗಿನ ಕಾಡು ಕೋಟೆಗಳೂ ಬೇಕಿಲ್ಲ. ಹರಿಹರದ ಸ್ಥಳಪುರಾಣ ಗುಹಾಸುರನ ಕಾಡಿಗೆ ಎಲ್ಲೆಗಳನ್ನೇ ಕೊಟ್ಟಿದೆ: ಮೂಡಲಿಗೆ ಉಚ್ಚಂಗಿದುರ್ಗ, ತೆಂಕಲಿಗೆ ಗೋವಿನಹಾಳು, ಪಡುವಲಿಗೆ ಮುದನೂರು, ಬಡಗಲಿಗೆ ಐರಣಿ. ನಡುವೆ ತುಂಗಭದ್ರೆ. ಆಟದ ನಕ್ಷೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಯಾರು ಕೊಟ್ಟಾರು? ನೀರಿನ ನಡುವೆ ಮಂಟಪವಿರುವ ಸಂತೇಬೆನ್ನೂರಿನ ಪುಷ್ಕರಣಿಗೆ ಇಳಿಯುವುದು ಹೇಗೆ, ಸೂಳೆಕೆರೆಯ ತೂಬಿನಾಚೆ ಯಾರಿದ್ದಾರೆ ಎಂದು ಕೇಳಿದರೆ ಸಾಕು, ಒಂದು ಸಂಜೆ ಕಳೆಯುತ್ತದೆ. ಗೈಗ್ಯಾಕ್ಸ್ ಅವರ 1977ರ ರಾಕ್ಷಸರ ಪುಸ್ತಕಕ್ಕೆ ನಮ್ಮ ರಾಕ್ಷಸ ಹೆಸರು ಸಮೇತ ಹೋಗಿ ಕೂತಿದ್ದಾನೆ. ನಾವು ನಮ್ಮವನನ್ನು ಮನೆಗೆ ಕರೆದುಕೊಳ್ಳಲು ಸಂಕೋಚವೇಕೆ?

ಕಾಲೇಜುಗಳ ಊರು ನಮ್ಮದು. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದನ್ನು ಮಕ್ಕಳು ಇಲ್ಲಿ ಹಗಲಿರುಳೂ ಕಲಿಯುತ್ತಾರೆ. ಐದನೆಯ ಉತ್ತರವೂ ಇರಬಹುದು ಎಂದು ಕಲಿಸುವ ಜಾಗ ಕಡಿಮೆ. ತಂದೆ ತಾಯಂದಿರಲ್ಲಿ, ಕನ್ನಡ ಮೇಷ್ಟ್ರುಗಳಲ್ಲಿ, ಬಾಡಿಗೆ ಕೋಣೆಗಳ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಈ ಭಾನುವಾರ ಎರಡು ಗಂಟೆ ಮೊಬೈಲುಗಳನ್ನು ಕಪಾಟಿನಲ್ಲಿಡಿ. ಆರು ಮುಖದ ಎರಡು ದಾಳ, ಚೌಕದ ಗಣಿತದ ನೋಟ್‌ಬುಕ್ಕು, ನಾಲ್ಕು ಪೆನ್ಸಿಲ್ ತೆಗೆದುಕೊಳ್ಳಿ. ಮನೆಯಲ್ಲಿ ಯಾರ ನ್ಯಾಯವನ್ನು ಎಲ್ಲರೂ ಒಪ್ಪುತ್ತಾರೋ ಅವರನ್ನು ಸೂತ್ರಧಾರರನ್ನಾಗಿ ಮಾಡಿ. ಅದು ಮನೆಯ ಕಿರಿಯ ಮಗಳೇ ಆದರೂ ಅವಳ ತೀರ್ಪಿಗೆ ತಲೆಬಾಗಿ ಆಡಿ.