ತವರೂರಿಗೆ ಹೋಗಲೇ, ಇಲ್ಲೇ ಇರಲೇ?



ಈ ಸಲ ಬಂದ ಕಾಗದಗಳಲ್ಲಿ ಒಂದನ್ನೇ ಎತ್ತಿಕೊಂಡಿದ್ದೇನೆ. ಮೈಸೂರಿನ ಕೆಸರೆಯಿಂದ ಬಂದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಯಜಮಾನರು ತೀರಿಕೊಂಡು ಐದು ತಿಂಗಳು. ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು. ಮಗಳು ಒಂಬತ್ತನೇ ಕ್ಲಾಸು, ಮಗ ಐದನೇ ಕ್ಲಾಸು. ಬಾಡಿಗೆ ಮನೆ. ತವರು ಅಂಕೋಲಾ ತಾಲ್ಲೂಕಿನ ಬೇಲೇಕೇರಿ, ಸಮುದ್ರದ ಮಗ್ಗುಲಲ್ಲೇ ಮನೆ. "ಬಂದ ದುಡ್ಡಿನಲ್ಲಿ ಮೇಲೆ ಎರಡು ಕೋಣೆ ಕಟ್ಟಿಸೋಣ, ಬಂದುಬಿಡು" ಅಂತ ಅಣ್ಣ ಕರೆಯುತ್ತಿದ್ದಾರಂತೆ. "ಇಲ್ಲಿ ಸಂಜೆ ಆದರೆ ಸಾಕು, ಬಾಗಿಲ ಕಡೆಗೇ ಕಣ್ಣು ಹೋಗುತ್ತದೆ. ಅಲ್ಲಾದರೆ ತೆರೆಯ ಸದ್ದಿಗಾದರೂ ನಿದ್ದೆ ಬಂದೀತು" ಎಂದು ಬರೆದಿದ್ದಾರೆ.

ತಂಗಿ, ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಈಗಲೇ ಹೋಗಬೇಡಿ.

ಮೊದಲು ದುಡ್ಡಿನ ಮಾತು. ಅಳು ಇನ್ನೂ ಆರಿಲ್ಲ, ಈಗೆಂಥ ದುಡ್ಡಿನ ಮಾತು ಅಂತ ಅನ್ನಿಸಬಹುದು. ಆದರೆ ನಿಮ್ಮ ಅಣ್ಣ ಆಗಲೇ ಆ ಮಾತು ತೆಗೆದಿದ್ದಾರಲ್ಲ! ಅವರ ಪ್ರೀತಿಯನ್ನು ನಾನು ಶಂಕಿಸುತ್ತಿಲ್ಲ. ಅಣ್ಣನ ಹೆಸರಿನಲ್ಲಿರುವ ಮನೆಯ ಮೇಲೆ ನಿಮ್ಮ ದುಡ್ಡಿನಿಂದ ಕೋಣೆ ಎದ್ದರೆ ಆ ಕೋಣೆ ಯಾರದು? ಇವತ್ತು ಯಾರೂ ಕೇಳುವುದಿಲ್ಲ. ಹತ್ತು ವರ್ಷ ಕಳೆದು, ಅಣ್ಣನ ಮಗನಿಗೆ ಮದುವೆಯಾಗಿ ಸೊಸೆ ಬಂದಾಗ ಕೇಳುತ್ತಾರೆ. ಕಟ್ಟಿಸುವುದಾದರೆ ಪತ್ರ ಮಾಡಿಸಿ, ನೋಂದಾಯಿಸಿ. ಬಾಯಿಮಾತು ಸಾಲದು. ಇನ್ನೊಂದು ಮಾತು. ಆ ಮನೆ ಹಿರಿಯರಿಂದ ಬಂದದ್ದಾಗಿದ್ದರೆ ಅದರಲ್ಲಿ ನಿಮಗೂ ಪಾಲಿದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ತಿದ್ದುಪಡಿಯಾಗಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಬಂದಿದೆ. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕ್ರಮವಾಗಿ ಪಾಲಾಗಿದ್ದರೆ ಮಾತು ಬೇರೆ. ಜಗಳ ಕಾಯಿರಿ ಅಂತಲ್ಲ. ತವರಿಗೆ ಹೋಗುವವಳು ತಾನು ಯಾರ ಹಂಗಿಗೂ ಬರುತ್ತಿಲ್ಲ ಎಂದು ತಿಳಿದು ಹೊಸಿಲು ದಾಟಲಿ, ಅಷ್ಟೆ.

ಯಜಮಾನರಿಗೆ ಪಿ.ಎಫ್. ಕಟ್ಟುತ್ತಿದ್ದರೆ ಅಲ್ಲಿಂದ ಬರಬೇಕಾದದ್ದು ಒಂದಲ್ಲ, ಮೂರು: ಕೂಡಿಟ್ಟ ಹಣ, ವಿಮೆ ಮತ್ತು ತಿಂಗಳ ಪಿಂಚಣಿ. ಎಷ್ಟೋ ಹೆಂಗಸರು ಮೊದಲನೆಯದನ್ನು ಪಡೆದು ಸುಮ್ಮನಾಗಿಬಿಡುತ್ತಾರೆ. ಸೇವೆಯಲ್ಲಿದ್ದಾಗ ತೀರಿಕೊಂಡರೆ, ಒಂದೇ ತಿಂಗಳು ಕಟ್ಟಿದ್ದರೂ ಹೆಂಡತಿಗೆ ಪಿಂಚಣಿ ಉಂಟು. ಅದರ ಜೊತೆಗೆ ಇಬ್ಬರು ಮಕ್ಕಳಿಗೆ, ತಲಾ ನಿಮ್ಮ ಪಿಂಚಣಿಯ ಕಾಲು ಭಾಗ, 25 ವರ್ಷ ತುಂಬುವವರೆಗೆ ಸಿಗುತ್ತದೆ. ಈ ಓಡಾಟವೆಲ್ಲ ಮೈಸೂರಿನಲ್ಲೇ ಮುಗಿಯಬೇಕಾದದ್ದು. ಬೇಲೇಕೇರಿಯಿಂದ ಒಂದೊಂದು ಸಹಿಗೂ ರಾತ್ರಿ ಬಸ್ಸು ಹತ್ತಿ ಬರುತ್ತೀರಾ? ದುಡ್ಡು ಬಂದಮೇಲೆ ನಿಮ್ಮೊಬ್ಬರ ಹೆಸರಿನ ಖಾತೆಯಲ್ಲೇ ಇಡಿ. ಒಂದು ವರ್ಷ ಯಾರು ಕೇಳಿದರೂ "ಬಡ್ಡಿಗೆ ಇಟ್ಟುಬಿಟ್ಟಿದ್ದೇನೆ" ಅನ್ನಿ.

ಮಗಳು ಒಂಬತ್ತನೇ ಕ್ಲಾಸು ಎಂದಿರಿ. ಅಪ್ಪನನ್ನು ಕಳೆದುಕೊಂಡ ಹುಡುಗಿಗೆ ಶಾಲೆ ಮತ್ತು ಗೆಳತಿಯರಾದರೂ ಉಳಿಯಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಇಲ್ಲೇ ಬರೆಯಲಿ. ನಿಮಗೆ ಹೊಲಿಗೆ ಬರುತ್ತದೆ. ಅಷ್ಟು ದಿನ ರವಿಕೆ ಹೊಲಿದು ಬಾಡಿಗೆಗಾದರೂ ದಾರಿ ಮಾಡಿಕೊಳ್ಳಬಹುದು.

ನಿಮ್ಮ ನಾಲ್ಕು ಪುಟದ ಕಾಗದದಲ್ಲಿ ಅತ್ತೆಯವರ ಬಗ್ಗೆ ಒಂದೇ ಸಾಲಿದೆ: "ಅತ್ತೆ ನಮ್ಮ ಜೊತೆಗೇ ಇದ್ದಾರೆ." ಆ ಸಾಲನ್ನು ನಾನು ಎರಡು ಸಲ ಓದಿದೆ. ನೀವು ಗಂಡನನ್ನು ಕಳೆದುಕೊಂಡಿರಿ, ಆಕೆ ಮಗನನ್ನು. ನೀವು ತವರಿಗೆ ಹೊರಟರೆ ಆಕೆ ಎಲ್ಲಿಗೆ ಹೋಗಬೇಕು? ಮಗನ ಆಸ್ತಿಯಲ್ಲಿ ಹೆಂಡತಿ ಮಕ್ಕಳಷ್ಟೇ ಸಮಪಾಲು ತಾಯಿಗೂ ಇದೆ ಎನ್ನುತ್ತದೆ ಕಾನೂನು. ಅದು ಹಾಗಿರಲಿ. ಮುದ್ದೆ, ಬಸ್ಸಾರು ಉಂಡು ಬೆಳೆದ ಮುದುಕಿ ಕುಚ್ಚಲಕ್ಕಿ ಅನ್ನಕ್ಕೂ ಆ ಊರಿನ ಮಾತಿಗೂ ಒಗ್ಗುತ್ತಾರೋ ಇಲ್ಲವೋ, ಆಕೆಯನ್ನೇ ಕೂರಿಸಿಕೊಂಡು ಕೇಳಿ. ಕೇಳದೆ ಯಾರೂ ಆಕೆಯ ಗಂಟು ಕಟ್ಟಬಾರದು.

ಕರಾವಳಿಯಲ್ಲಿ ಹೆಂಗಸರು ಮತ್ತೆ ಬದುಕು ಕಟ್ಟಿದ್ದು ಇದೇ ಮೊದಲಲ್ಲ. ನಿಮ್ಮ ಪಕ್ಕದ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೀವು ನೋಡಿಯೇ ಇರುತ್ತೀರಿ. ಹಾಲಕ್ಕಿ ಒಕ್ಕಲಿಗರ ಹಾಡಿನ ಅಜ್ಜಿ. ಗಂಡ ಹೋದ, ಸಾಕಿಕೊಂಡ ಮಗನನ್ನು ಕುಡಿತ ತಿಂದಿತು. ಆಕೆ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತರು, ಹಾಡನ್ನೂ ಬಿಡಲಿಲ್ಲ. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಕಾರವಾರದ ದಕ್ಷಿಣಕ್ಕೆ ಅರ್ಗಾ ಮೊದಲಾದ ಊರುಗಳ ಸಾವಿರಾರು ಮನೆಗಳೂ ಸೀಬರ್ಡ್ ನೌಕಾನೆಲೆಗಾಗಿ ತೆರವಾದವು. 1986ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಪರಿಹಾರಕ್ಕಾಗಿ ಜನ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಮೀನಿನ ಬುಟ್ಟಿ ಹೊತ್ತವರು ದಡ ಬಿಟ್ಟು ಹೊಸ ಜಾಗದಲ್ಲಿ ಒಲೆ ಹೂಡಿದರು. ಆಗ ಕಾಗದಪತ್ರ ಜೋಪಾನ ಮಾಡಿದ ಮನೆಯವರಿಗೂ ಮಾಡದ ಮನೆಯವರಿಗೂ ಇದ್ದ ವ್ಯತ್ಯಾಸ ಅಲ್ಲಿಯವರನ್ನೇ ಕೇಳಿ ನೋಡಿ.

ಊರಿನವರ ಬಾಯಿಯ ಭಯವನ್ನೂ ಬರೆದಿದ್ದೀರಿ. ಹಣೆಯಲ್ಲಿ ಬೊಟ್ಟು ಇಟ್ಟರೆ ಏನೆನ್ನುತ್ತಾರೋ ಅಂತ. ಇಡಿ. ಮಂಗಳೂರಿನ ಕುದ್ರೋಳಿ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ಮಾಡಿದರು. ದೇವರಿಗೆ ಇಲ್ಲದ ಮೈಲಿಗೆ ನೆರೆಮನೆಯವರಿಗೆ ಯಾಕೆ?

ಈ ಬೇಸಿಗೆಗೆ ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ ಬನ್ನಿ. ಏಪ್ರಿಲ್, ಮೇ ಅಂದರೆ ಮುರುಗಲು ಹಣ್ಣಿನ ಕಾಲ. ಸಿಪ್ಪೆ ಬಿಡಿಸಿ, ನಾಲ್ಕು ಬಿಸಿಲು ಕಾಣಿಸಿ, ಡಬ್ಬಿ ತುಂಬಿ ತನ್ನಿ. ನಿಮ್ಮ ಬೀದಿಯಲ್ಲಿ ಮಾರಿ ನೋಡಿ. ಮುಂದೆ ಅಲ್ಲಿಂದ ಇಲ್ಲಿಗೆ ಕಳಿಸುವ ಒಂದು ಸಣ್ಣ ವ್ಯಾಪಾರಕ್ಕೆ ದಾರಿ ಇದೆಯೋ ಇಲ್ಲವೋ ಅದರಿಂದಲೇ ಗೊತ್ತಾಗುತ್ತದೆ. ಆದರೆ ಬೇಸಿಗೆಯ ಕಡಲನ್ನು ನೋಡಿ ಮನಸ್ಸು ಮಾಡಬೇಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ನೀರಿಗಿಳಿಯುವಂತಿಲ್ಲ. ಊರಿನ ಕೈಯಲ್ಲಿ ಕಾಸಾಡುವುದಿಲ್ಲ, ಹಾಕಿದ ಬಟ್ಟೆ ಒಣಗುವುದಿಲ್ಲ. 2024ರ ಜುಲೈನಲ್ಲಿ ನಿಮ್ಮದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಂತಲ್ಲ. ಹುಟ್ಟಿದ ಊರಾದರೂ ಮದುವೆಯಾದ ಮೇಲೆ ಅಲ್ಲಿಯ ಮಳೆಗಾಲವನ್ನು ನೀವು ಮರೆತಿರುತ್ತೀರಿ. ಆಷಾಢದಲ್ಲಿ ನಾಲ್ಕು ದಿನ ಇದ್ದು ಬನ್ನಿ. ಅತ್ತಿಗೆಯ ಜೊತೆ ಒಂದೇ ಒಲೆಯಲ್ಲಿ ಅಡುಗೆ ಮಾಡಿ ನೋಡಿ. ಆಮೇಲೆ ನನಗೆ ಇನ್ನೊಂದು ಕಾಗದ ಬರೆಯಿರಿ. ಅತ್ತೆ ಏನಂದರು ಅನ್ನುವುದನ್ನೂ ಅದರಲ್ಲಿ ಬರೆಯಿರಿ.