ಹನ್ನೊಂದನೇ ಕಾಲಂ

ಕರೂರು ಕೈಗಾರಿಕಾ ಪ್ರದೇಶದ ಹತ್ತಿರ ಚಹಾ ಕುಡಿಯುವಾಗ ಮೊಮ್ಮಗಳು ಕೇಳಿದಳು: ‘ಅಜ್ಜಾ, ಕಂಪ್ಯೂಟರ್ ಇದ್ರೂ ಜನ ಯಾಕೆ ಆಫೀಸಿಗೆ ಅಲೀತಾರೆ?’

ಮಕ್ಕಳೇ, ನಾನು ಬ್ಯಾಂಕಿನಲ್ಲಿದ್ದಾಗ ಸಾಲ ತೀರಿಸಿದ ರೈತರು ನಮ್ಮ ಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಹೋಗಬೇಕಿತ್ತು. ಪಹಣಿಯ 11ನೇ ಕಾಲಂನಲ್ಲಿ ಋಣ ಅಳಿಸದಿದ್ದರೆ ಸಾಲ ತೀರಿದರೂ ತೀರದಂತೆಯೇ. ಹೀಗೇ ಒಬ್ಬರ ಜಮೀನು ಕೊಳ್ಳಲು ಬಂದವರು ಹಿಂದೆ ಸರಿದರು. ಮಗಳ ಮದುವೆ ಮುಂದೆ ಹೋಯಿತು. ಆ ಪತ್ರ ನನ್ನ ಮೇಜಿನ ಮೇಲೇ ಕೂತಿತ್ತು.

ಈಗ ಪಹಣಿ ‘ಭೂಮಿ’ ತಂತ್ರಾಂಶದಲ್ಲಿದೆ, ನೋಂದಣಿ ‘ಕಾವೇರಿ’ಯಲ್ಲಿ. ಕ್ರಯಪತ್ರ ನೋಂದಣಿಯಾದರೆ ಖಾತೆ ಬದಲಾವಣೆಗೆ ಕಾವೇರಿಯೇ ಭೂಮಿಗೆ ಸುದ್ದಿ ಮುಟ್ಟಿಸುತ್ತದೆ. ಆದರೆ ಪಹಣಿಯಲ್ಲಿ ‘ಹಾಲಪ್ಪ’, ಆಧಾರ್‌ನಲ್ಲಿ ‘ಹಾಲೇಶಪ್ಪ’ ಎಂದಿದ್ದರೆ ಯಂತ್ರಕ್ಕೆ ಅವರು ಇಬ್ಬರು!

ಅಜ್ಜ-ಅಜ್ಜಿಯರೇ, ಭಾನುವಾರ ಎರಡನ್ನೂ ಮೊಮ್ಮಕ್ಕಳ ಕೈಗೆ ಕೊಟ್ಟು ಓದಿಸಿ. ನಮ್ಮ ಮನೆಯಲ್ಲಿ ಒಂದು ‘ಪ್ಪ’ ಹೆಚ್ಚಿತ್ತು.