ಲೈಂಗಿಕ ಶಿಕ್ಷಣವೂ ಪಾಲಕರ ಹಕ್ಕೂ

ಎಂಟರಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗೆ ಲೈಂಗಿಕ ಶಿಕ್ಷಣವನ್ನು ಕೊಡುವ ಸಂಕಲ್ಪವನ್ನು ರಾಜ್ಯ ಸರಕಾರವು 2025ರಲ್ಲಿ ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರದಲ್ಲಿ ಸುಪ್ರೀಮ ಕೋರ್ಟು, ಈ ಶಿಕ್ಷಣವು ಒಂಬತ್ತನೆಯ ತರಗತಿಯವರೆಗೆ ಕಾಯದೆ ಎಳೆಯ ವಯಸ್ಸಿನಿಂದಲೇ ಆರಂಭವಾಗಬೇಕೆಂದು ಅಭಿಪ್ರಾಯಪಟ್ಟಿತು. ಇದನ್ನು ಕೇಳಿದ ಪಾಲಕರ ಮನಸ್ಸಿನಲ್ಲಿ ಒಂದು ಪ್ರಶ್ನೆಯು ಏಳುವದು ಸಹಜ: ನಮ್ಮ ಮಕ್ಕಳಿಗೆ ಏನನ್ನು, ಯಾವಾಗ, ಯಾರ ಬಾಯಿಂದ ಹೇಳಿಸಬೇಕೆಂಬದನ್ನು ನಿರ್ಣಯಿಸುವವರು ನಾವೋ, ಸರಕಾರವೋ?

ಪ್ರಶ್ನೆಯು ನ್ಯಾಯವಾದದ್ದು. ಅದನ್ನು ಹಳೆಯ ಮಂದಿಯ ಸಂಕೋಚವೆಂದು ನಕ್ಕು ತಳ್ಳಿಹಾಕುವವರ ಪಂಕ್ತಿಯಲ್ಲಿ ನಾವಿಲ್ಲ. ಕೇಂದ್ರ ಸರಕಾರವು ಏಡ್ಸ್ ರೋಗವನ್ನು ತಡೆಯುವ ಉದ್ದೇಶದಿಂದ 2005ರಲ್ಲಿ ಹಮ್ಮಿಕೊಂಡ ಹದಿಹರೆಯದ ಶಿಕ್ಷಣವು ಏನಾಯಿತೆಂಬದನ್ನು ವಾಚಕರು ಮರೆತಿರಲಿಕ್ಕಿಲ್ಲ. ಶಿಕ್ಷಕರ ಕೈಗೆ ಬಂದ ಚಿತ್ರಪಟಗಳನ್ನು ಕಂಡು ಹಲವು ಪ್ರಾಂತಗಳಲ್ಲಿ ಕೂಗೆದ್ದಿತು. 2007ರಲ್ಲಿ ಮಹಾರಾಷ್ಟ್ರ, ಗುಜರಾತ, ಮಧ್ಯಪ್ರದೇಶಗಳಂತೆ ಕರ್ನಾಟಕವೂ ಅದನ್ನು ತಡೆಹಿಡಿಯಿತು. ಆಗ ಶಿಕ್ಷಣ ಖಾತೆಯು ನಮ್ಮ ಭಾಗದವರೇ ಆದ ಶ್ರೀ ಬಸವರಾಜ ಹೊರಟ್ಟಿಯವರ ಕೈಯಲ್ಲಿತ್ತು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಇಂಥ ಶಿಕ್ಷಣವು ಬೇಡವೆಂದು ವರದಿಯಿತ್ತಿತು. ಚಿತ್ರಪಟವನ್ನು ತಿದ್ದಿಸಬಹುದಾಗಿದ್ದಲ್ಲಿ ಪಾಠವೇ ನಿಂತುಹೋಯಿತು.

ಆದರೆ ಆ ಬಳಿಕ ಕಾಯದೆಯು ಬದಲಾಗಿದೆ. 2012ರ ಪೋಕ್ಸೋ ಕಾಯದೆಯು, ಹದಿನಾರಿದ್ದ ಸಮ್ಮತಿಯ ವಯಸ್ಸನ್ನು ಹದಿನೆಂಟಕ್ಕೆ ಏರಿಸಿತು. ಹುಡುಗಿಯು ತಾನಾಗಿ ಒಪ್ಪಿದಳೆಂಬ ಮಾತಿಗೆ ಹದಿನೆಂಟರೊಳಗೆ ಬೆಲೆಯಿಲ್ಲ. 2019ರ ತಿದ್ದುಪಡಿಯ ಮೇಲೆ, ಹದಿನೆಂಟು ದಾಟಿದ ತರುಣನು ಅವಳೊಡನೆ ದೇಹಸಂಬಂಧವನ್ನಿಟ್ಟುಕೊಂಡು ಅಪರಾಧಿಯೆಂದು ಸಿದ್ಧವಾದರೆ, ಹತ್ತು ವರ್ಷಗಳಿಗೆ ಕಡಿಮೆಯಿಲ್ಲದ ಸೆರೆವಾಸವು ಕಾದಿದೆ. ಇದನ್ನು ಅವನಿಗೆ ಹೇಳಿದವರಾರು? ಮನೆಯಲ್ಲಿ ಹೇಳಲಿಲ್ಲ, ಶಾಲೆಯಲ್ಲಿ ಹೇಳಲಿಲ್ಲ. ಮೊದಲು ಹೇಳುವವನು ಪೋಲೀಸನು.

ಇದು ನಮ್ಮ ಕಲ್ಪನೆಯಲ್ಲ. 2022ರ ನವಂಬರದಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಇಂಥದೇ ಒಂದು ಪ್ರಕರಣವು ಬಂದಿತು. ಹದಿನೇಳರ ಹುಡುಗಿಯು ಒಬ್ಬನ ಸಂಗಡ ಹೊರಟುಹೋಗಿದ್ದಳು. ವಿಚಾರಣೆಯು ಮುಗಿಯುವ ಹೊತ್ತಿಗೆ ಅವರಿಬ್ಬರೂ ಮದುವೆಯಾಗಿ ಮಕ್ಕಳನ್ನು ಪಡೆದಿದ್ದರು. ಬಿಡುಗಡೆಯನ್ನು ಎತ್ತಿಹಿಡಿದ ನ್ಯಾಯಮೂರ್ತಿಗಳು, ಒಂಬತ್ತನೆಯ ತರಗತಿಯಿಂದ ಈ ಕಾಯದೆಯನ್ನು ಮಕ್ಕಳಿಗೆ ತಿಳಿಸುವ ಏರ್ಪಾಡನ್ನು ಮಾಡಬೇಕೆಂದು ಶಿಕ್ಷಣ ಇಲಾಖೆಗೆ ಆಜ್ಞಾಪಿಸಿದರು. ವಯಸ್ಸಿನ ಮಿತಿಯನ್ನು ಪುನರ್ವಿಮರ್ಶಿಸಬೇಕೆಂದೂ ಸೂಚಿಸಿದರು. ಕಾನೂನು ಆಯೋಗವು 2023ರಲ್ಲಿ ಆ ಮಿತಿಯನ್ನು ಇಳಿಸಕೂಡದೆಂದಿತು. ಕಾಯದೆಯು ಸಡಿಲವಾಗದಿದ್ದ ಮೇಲೆ ತಿಳಿವಳಿಕೆಯೊಂದೇ ಮಕ್ಕಳಿಗೆ ಉಳಿದ ರಕ್ಷಣೆ.

ಈ ತಿಳಿವಳಿಕೆಯನ್ನು ಮನೆಯೇ ಕೊಡಲೆಂದರೆ ನಮಗೆ ಸಂತೋಷವೇ. ಆದರೆ ನಮ್ಮ ಮನೆಗಳ ರೀತಿಯನ್ನು ನೋಡಿರಿ. ಹುಡುಗಿಯು ದೊಡ್ಡವಳಾದರೆ ಆರತಿ ಮಾಡಿ, ಕೊಬ್ಬರಿ ಉತ್ತತ್ತಿ ತಿನ್ನಿಸಿ, ಓಣಿಗೆಲ್ಲ ಸುದ್ದಿ ಮುಟ್ಟಿಸುತ್ತೇವೆ. ಅವಳ ಮೈಯಲ್ಲಿ ಆದದ್ದೇನೆಂಬದನ್ನು ಮಾತ್ರ ಅವಳಿಗೆ ಹೇಳುವದಿಲ್ಲ. ಹುಡುಗನಿಗಂತೂ ಆರತಿಯೂ ಇಲ್ಲ, ಮಾತೂ ಇಲ್ಲ. ಅವನ ಗುರುವು ಕೈಯಲ್ಲಿಯ ಮೊಬೈಲು. ಮೇಲಾಗಿ, ಮಕ್ಕಳನ್ನು ಕೆಡಿಸುವವನು ಬಹುಮಟ್ಟಿಗೆ ಪರಿಚಿತನೇ, ಕೆಲವೊಮ್ಮೆ ಬಂಧುವೇ ಆಗಿರುವನೆಂದು ಸರಕಾರದ ಅಂಕಿಗಳು ತೋರಿಸುತ್ತವೆ. ಅಂಥ ಮನೆಯ ಮಗುವಿಗೆ ಮನೆಯೇ ಶಾಲೆಯಾಗಲಾರದು.

ಇದು ಪರದೇಶದ ವಿದ್ಯೆಯೆಂಬ ಆಕ್ಷೇಪವೂ ನಿಲ್ಲದು. ಧಾರವಾಡದಲ್ಲಿ ವೈದ್ಯವೃತ್ತಿಯನ್ನು ನಡೆಸಿದ್ದ ಡಾ. ಅನುಪಮಾ ನಿರಂಜನ ಅವರು ಕಿಶೋರಿಯರಿಗಾಗಿ ‘ಕೇಳು ಕಿಶೋರಿ’ ಎಂಬ ಪುಸ್ತಕವನ್ನು ಕನ್ನಡದಲ್ಲಿಯೇ ಬರೆದರು. ಮಾತಿನ ಮರ್ಯಾದೆಯನ್ನು ಕಾಯ್ದುಕೊಂಡೇ ಇದನ್ನು ಹೇಳಲು ನಮ್ಮ ನುಡಿಗೆ ಬರುತ್ತದೆ.

ಹಾಗಾದರೆ ಪಾಲಕರ ಹಕ್ಕೆಂಬುದೇನು? ಪಾಠವನ್ನು ಮೊದಲೇ ನೋಡುವ, ಪ್ರಶ್ನಿಸುವ, ಅಸಭ್ಯವಾದದ್ದನ್ನು ತಿದ್ದಿಸುವ ಹಕ್ಕು ಅವರಿಗೆ ಪೂರ್ಣವಾಗಿ ಇರತಕ್ಕದ್ದು. ಮಗುವನ್ನು ಅಪಾಯದ ಅರಿವಿಲ್ಲದೆ ಬಿಡುವ ಹಕ್ಕು ಯಾರಿಗೂ ಇಲ್ಲ. ಇಂಗ್ಲಂಡದಲ್ಲಿ 2020ರಿಂದ ಈ ಶಿಕ್ಷಣವು ಪ್ರೌಢಶಾಲೆಗಳಲ್ಲಿ ಕಡ್ಡಾಯ. ಅಲ್ಲಿಯ ಪಾಲಕರು ಅದರ ಕೆಲಭಾಗದಿಂದ ಮಗುವನ್ನು ಬಿಡಿಸಿಕೊಳ್ಳಲು ಕೇಳಬಹುದು. ಆದರೆ ಹದಿನಾರು ತುಂಬಲು ಮೂರು ಅವಧಿಗಳು ಉಳಿದಾಗ, ಕಲಿಯಬೇಕೆಂದರೆ ಮಗುವಿನ ಮಾತೇ ನಡೆಯುವದು. ಮೈ ಬಲಿತಂತೆ ಹಕ್ಕು ತಂದೆಯಿಂದ ಮಗನಿಗೆ ಇಳಿದುಬರುವದೆಂಬ ಈ ತತ್ತ್ವವು, ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣೆಂದ ನಮ್ಮ ನೀತಿಶಾಸ್ತ್ರಕ್ಕೆ ಹೊಸದಲ್ಲ.

ಇದಕ್ಕೆ ಬೇಕಾದ ಸಾಧನವೂ ನಮ್ಮಲ್ಲಿದೆ. 2001ರಿಂದ ಸರಕಾರಿ ಶಾಲೆಗಳಿಗೆ ಪಾಲಕರನ್ನೊಳಗೊಂಡ ಎಸ್‌ಡಿಎಂಸಿಗಳಿವೆ. ಬಿಸಿಯೂಟದ ಅಕ್ಕಿಯನ್ನು ಪರೀಕ್ಷಿಸುವ ತಾಯಂದಿರು ಪಾಠದ ಪುಟವನ್ನು ಪರೀಕ್ಷಿಸಲಾರರೇ? ಪಾಠವು ತರಗತಿಗೆ ಹೋಗುವ ಮೊದಲು ಸಮಿತಿಯ ಮುಂದೆ, ಖಾಸಗಿ ಶಾಲೆಗಳಲ್ಲಿ ಪಾಲಕರ ಸಭೆಯ ಮುಂದೆ ಬರಲಿ. ಹುಡುಗಿಯರಿಗೆ ಶಿಕ್ಷಕಿಯರೂ ವೈದ್ಯೆಯರೂ, ಹುಡುಗರಿಗೆ ಶಿಕ್ಷಕರೂ ವೈದ್ಯರೂ ಹೇಳಲಿ. ಸರಕಾರವು ಗುಟ್ಟಾಗಿ ಪುಸ್ತಕವನ್ನು ಅಚ್ಚುಹಾಕಿದರೆ 2007ರ ಕಥೆಯೇ ಮರುಕಳಿಸೀತು. ಪಾಲಕರೂ ಬೀದಿಯಲ್ಲಿ ಕೂಗುವದನ್ನು ಬಿಟ್ಟು ಆ ಸಭೆಗೆ ಬಂದು ಪುಸ್ತಕವನ್ನು ಕೈಗೆತ್ತಿಕೊಂಡು ಓದಲೆಂದು ನಾವು ಪ್ರಾರ್ಥಿಸುತ್ತೇವೆ.